ಡೀಸೆಲ್ ಹೆಪ್ಪುಗಟ್ಟುತ್ತದೆಯೋ, ಹೆರೆಯುತ್ತದೆಯೋ?

ಗೆಳೆಯರೆ,

ಕಾರ್ಗಿಲ್, ಲೇಹ್ ಕಡೆಗೆ ಲಾರಿ ಓಡಿಸುವವರಿಗೆಂದು ಚಳಿಗಾಲದ ಡೀಸೆಲ್ ಬಗ್ಗೆ ಎರಡು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ.

ಚಳಿಗೆ ಡೀಸೆಲ್ ಗಟ್ಟಿಯಾಗುವುದಕ್ಕೆ ಪತ್ರಿಕೆಗಳಲ್ಲಿ 'ಹೆಪ್ಪುಗಟ್ಟು' ಎಂದು ಬರೆಯುತ್ತಾರೆ. ಆ ಕಡೆಯ ಚಾಲಕರು ಹಿಂದಿಯಲ್ಲಿ 'ಜಮ್ ಗಯಾ' ಅನ್ನುತ್ತಾರೆ. ಮೊಸರಿಗೂ ಅದೇ, ಮಂಜುಗಡ್ಡೆಗೂ ಅದೇ. ನನಗೆ ತೊಂದರೆ ಕಾಣುವುದು ಇಲ್ಲೇ. ಹೆಪ್ಪುಗಟ್ಟು ಎಂದ ಕೂಡಲೇ ನೀರು ನೆನಪಾಗುತ್ತದೆ. ಸೊನ್ನೆ ಡಿಗ್ರಿಗೆ ಎಲ್ಲವೂ ಒಟ್ಟಿಗೆ ಕಲ್ಲಾಗುವ ಚಿತ್ರ ಬರುತ್ತದೆ. ಡೀಸೆಲ್ ಹಾಗೆ ಮಾಡುವುದಿಲ್ಲ. ಅದರೊಳಗಿನ ಮೇಣ ಮೊದಲು ಸಣ್ಣ ಹರಳಾಗಿ ಮೂಡುತ್ತದೆ, ಎಣ್ಣೆ ಮಬ್ಬಾಗುತ್ತದೆ. ಆಮೇಲೆ ಆ ಹರಳು ಫಿಲ್ಟರಿಗೆ ಅಂಟಿ ದಾರಿ ಕಟ್ಟುತ್ತದೆ. ಹರಿವು ಪೂರ್ತಿ ನಿಲ್ಲುವುದು ಕೊನೆಗೆ. ಅಂದರೆ ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ತುಳುಕುತ್ತಿರುವಾಗಲೇ ಗಾಡಿ ನಿಲ್ಲಬಹುದು. ನಮ್ಮ ದೇಶದ ಡೀಸೆಲ್ ಮಾನದಂಡವೇ ಇದನ್ನು ಬೇರೆ ಬೇರೆ ಇಟ್ಟಿದೆ. ಸಾಮಾನ್ಯ ಚಳಿಗಾಲದ ಡೀಸೆಲ್‌ಗೆ ಹರಿವು ನಿಲ್ಲುವ ಮಿತಿ 3 ಡಿಗ್ರಿ, ಫಿಲ್ಟರ್ ಕಟ್ಟಿಕೊಳ್ಳುವ ಮಿತಿ 6 ಡಿಗ್ರಿ.

ಇದನ್ನು ನಾವು ಮನೆಯಲ್ಲೇ ನೋಡಿದ್ದೇವೆ, ಅಲ್ವಾ? ಡಿಸೆಂಬರಿನ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಮೊದಲು ಬಿಳಿ ಚುಕ್ಕೆ, ಆಮೇಲೆ ಮಬ್ಬು, ಆಮೇಲೆ ಗಟ್ಟಿ. ತುಪ್ಪವೂ ಹಾಗೇ. ಅದಕ್ಕೆ ನಮ್ಮಜ್ಜಿ ಹೇಳುತ್ತಿದ್ದ ಮಾತು 'ಹೆರೆ'. 'ತುಪ್ಪ ಹೆರೆತಿದೆ, ಒಲೆ ಹತ್ರ ಇಡು' ಅನ್ನುತ್ತಿದ್ದರು. ಹೆರೆತುಪ್ಪ ಎಂಬ ಮಾತೂ ಹಳೆಯದೇ. ಕೊಬ್ಬು, ಮೇಣದಂಥ ವಸ್ತು ಚಳಿಗೆ ಬಿಗಿಯುವುದಕ್ಕೆ ಇಷ್ಟು ಹೊಂದುವ ಪದ ಇರುವಾಗ ಬೇರೆ ಯಾಕೆ ಬೇಕು?

ಎರಡು ಪದ ಬೇಕು ಅನ್ನುವುದು ಸುಮ್ನೆ ಹಟವಲ್ಲ. ಡೀಸೆಲ್‌ನಲ್ಲಿ ಸೇರಿದ ನೀರೂ ಚಳಿಯಲ್ಲಿ ಫಿಲ್ಟರ್ ಕಟ್ಟುತ್ತದೆ. ಅದು ನಿಜವಾಗಿ ಹೆಪ್ಪುಗಟ್ಟುವುದು. ಅದಕ್ಕೆ ಮದ್ದು ಟ್ಯಾಂಕ್ ತುಂಬಿಸಿಡುವುದು, ಫಿಲ್ಟರಿನ ತಳದ ನೀರು ಬಸಿಯುವುದು. ಹೆರೆಯುವುದಕ್ಕೆ ಮದ್ದು ಬೇರೆ: ಆ ಜಾಗದ ಚಳಿಗೆ ತಕ್ಕ ಡೀಸೆಲ್ಲನ್ನೇ ಹಾಕಿಸಬೇಕು, ಇಲ್ಲವೇ ಹೆರೆಯುವ ಮೊದಲೇ ಅದಕ್ಕೆಂದೇ ಇರುವ ರಾಸಾಯನಿಕ ಬೆರೆಸಬೇಕು. ಹೆರೆತ ಮೇಲೆ ಸುರಿದರೆ ಜಾಸ್ತಿ ಉಪಯೋಗವಿಲ್ಲ. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಡೀಸೆಲ್ ತಂದಿತು. ಅದಕ್ಕೆ ಮುಂಚೆ ಚಾಲಕರು ಸೀಮೆಎಣ್ಣೆ ಬೆರೆಸುತ್ತಿದ್ದರು, ಟ್ಯಾಂಕಿನ ಕೆಳಗೆ ಬೆಂಕಿ ಹಾಕುತ್ತಿದ್ದರು. ಸೀಮೆಎಣ್ಣೆಗೆ ಜಿಡ್ಡು ಕಡಿಮೆ, ಪಂಪ್ ಸವೆಯುತ್ತದೆ. ಬೆಂಕಿಯ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಒಂದು ತೊಡಕಿದೆ. ಮಲೆನಾಡು, ಕರಾವಳಿಯಲ್ಲಿ 'ಹೆರೆ' ಅಂದರೆ ಕಾಯಿ ತುರಿಯುವುದು. ಹೆರೆಮಣೆ ಇನ್ನೂ ಎಷ್ಟೋ ಮನೆಯಲ್ಲಿದೆ. ನಾನು ಕೇಳಿದಂತೆ ಕಾಯಿ 'ಹೆರೆದ' ಆಗುತ್ತದೆ, ತುಪ್ಪ 'ಹೆರೆತ' ಆಗುತ್ತದೆ. ನಿಮ್ಮ ಕಡೆಯೂ ಈ ವ್ಯತ್ಯಾಸ ಇದೆಯೇ? ತುಪ್ಪಕ್ಕೆ ಇನ್ನೂ 'ಹೆರೆ' ಅನ್ನುವವರು ಯಾವ ಊರಿನವರು ಎಂದು ತಿಳಿಸಿ. ಎಣ್ಣೆ ಮೊದಲು ಮಸುಕಾಗುವ ಆ ಹಂತಕ್ಕೆ ಸದ್ಯಕ್ಕೆ 'ಮಬ್ಬೇರುವ ಮಟ್ಟ' ಎಂದು ಬರೆದಿದ್ದೇನೆ. ಗಾಣದವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದರೆ ಅದನ್ನೇ ಹಾಕುತ್ತೇನೆ.