ಐಸ್‌ಲ್ಯಾಂಡಿನಲ್ಲಿ ಕಂಡ ಆ ತಿರುಚಿದ ಕಬ್ಬಿಣ ಏನು?

ಪ್ರಶ್ನೆ: ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ ಕಾರು ಓಡಿಸಿಕೊಂಡು ಹೋಗಿದ್ದೆವು. ಸ್ಕಾಫ್ಟಾಫೆಲ್ ಹತ್ತಿರ ರಸ್ತೆ ಬದಿ ಎರಡು ಉಕ್ಕಿನ ತೊಲೆಗಳು ಸೊಟ್ಟಗೆ ತಿರುಚಿಕೊಂಡು ಬಿದ್ದಿದ್ದವು. ಸುತ್ತ ಬರೀ ಕಪ್ಪು ಮರಳು, ಒಂದು ಮರವಿಲ್ಲ. ಏನಾಗಿತ್ತು ಅಲ್ಲಿ?

ಉತ್ತರ 1: ಅದು ಕೊಚ್ಚಿಹೋದ ಸೇತುವೆ ಸರ್. 1996ರ ಸೆಪ್ಟೆಂಬರ್ ಕೊನೆಗೆ ವಾಟ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಎದ್ದಿತು. ಕರಗಿದ ನೀರು ಹಿಮದಡಿಯ ಗ್ರಿಮ್ಸ್‌ವೋಟ್ನ್ ಕೆರೆಯಲ್ಲಿ ಒಂದು ತಿಂಗಳು ತುಂಬುತ್ತಲೇ ಇತ್ತು. ಎಲ್ಲರೂ ಕಾಯುತ್ತಿದ್ದರು, ರಸ್ತೆಯನ್ನೂ ಮುಚ್ಚಿದ್ದರು. ನವೆಂಬರ್ 5ಕ್ಕೆ ನೀರು ಹಿಮವನ್ನೇ ಎತ್ತಿಕೊಂಡು ಹೊರಗೆ ನುಗ್ಗಿತು. ಮನೆ ಗಾತ್ರದ ಮಂಜುಗಡ್ಡೆಗಳು ತೇಲಿಬಂದವು. ಯಾರೂ ಸಾಯಲಿಲ್ಲ, ಅದೇ ಪುಣ್ಯ. ಇಂಥ ಪ್ರವಾಹಕ್ಕೆ ಅಲ್ಲಿನವರು ಯೋಕುಲ್‌ಹ್ಲಾಪ್ ಅನ್ನುತ್ತಾರೆ. ನೀವು ಕಂಡ ಮರಳನ್ನು ಹರಡಿದ್ದೂ ಇಂಥವೇ.

ಉತ್ತರ 2: ಆ ಹಿಮರಾಶಿ ಹೆಚ್ಚುಕಮ್ಮಿ ಎರಡು ಕೊಡಗು ಜಿಲ್ಲೆಯಷ್ಟು ದೊಡ್ಡದು! ಕಾದ ಶಿಲಾರಸ ಹಿಮನೀರಿಗೆ ತಾಗಿದ ಕೂಡಲೇ ಗಾಜಿನಂತೆ ಒಡೆದು ಪುಡಿಯಾಗುತ್ತದೆ. ಆ ಶಿಲೆಯೇ ಕಪ್ಪು, ಅದರ ಪುಡಿಯಾದ ಮರಳೂ ಕಪ್ಪು. ಉತ್ತರದ ಕಡೆ ಹೋದರೆ ಹೆರ್ಡುಬ್ರೇಡ್ ನೋಡಿ. ಹಿಮಯುಗದಲ್ಲಿ ಹಿಮದಡಿ ಬೆಳೆದ ಬೆಟ್ಟ, ತಲೆ ಚಪ್ಪಟೆ. ನನಗಂತೂ ಜಲಪಾತಗಳಿಗಿಂತ ಅದೇ ಜಾಸ್ತಿ ಇಷ್ಟ.

ಪ್ರಶ್ನೆ ಕೇಳಿದವನು: ಅಯ್ಯೋ, ಆ ತೊಲೆಗೆ ಒರಗಿ ಕೂತು ಚಪಾತಿ, ಚಟ್ನಿಪುಡಿ ತಿಂದಿದ್ದೆವಲ್ಲ!