ಉದ್ಯೋಗ ಬಿಟ್ಟು ಮಣ್ಣಿನ ಮನೆ, ಪರ್ಮಾಕಲ್ಚರ್ ತೋಟ: ಈ ದಾರಿ ತುಳಿದವರು ಅನುಭವ ಹಂಚಿಕೊಳ್ಳುವಿರಾ?

ಪ್ರಶ್ನೆ ಕೇಳಿದವರು:
ಇಳಿಜಾರಿನಲ್ಲಿರುವ ಎರಡು ಎಕರೆಯಷ್ಟು ಖಾಲಿ ಜಮೀನು ನಮ್ಮ ಪಾಲಿಗೆ ಬಂದಿದೆ. ಗಂಡ ಹೆಂಡತಿ ಇಬ್ಬರೂ ಉದ್ಯೋಗ ಬಿಟ್ಟು, ಒಂದು ವರ್ಷ ಸಾವಯವ ತೋಟಗಳಲ್ಲಿ ಸ್ವಯಂಸೇವಕರಾಗಿ ದುಡಿದು ಕಲಿತು, ಆಮೇಲೆ ನಮ್ಮ ಕೈಯಾರೆ ಮಣ್ಣಿನ ಮನೆ ಕಟ್ಟಿಕೊಳ್ಳಬೇಕೆಂದಿದ್ದೇವೆ. ಅದಕ್ಕೆ ಮುಂಚೆ ಪರ್ಮಾಕಲ್ಚರ್ (ನಿಸರ್ಗದ ಮಾದರಿಯಲ್ಲಿ ನೀರು, ಗಿಡ, ಮನೆಗಳನ್ನು ಹೊಂದಿಸುವ ಕೃಷಿ ಪದ್ಧತಿ) ವಿನ್ಯಾಸದ ತರಬೇತಿ ಅಗತ್ಯವೇ? ಉಳಿತಾಯದ ಹಣವನ್ನು ಮೊದಲು ನೀರಿಗೆ ಹಾಕಬೇಕೋ ಮನೆಗೋ? ದಯವಿಟ್ಟು ಅನುಭವಸ್ಥರು ತಿಳಿಸಿ.

ಗೋಡೆಮಣ್ಣು:
ಮಣ್ಣಿನ ಮನೆ ಅಗ್ಗ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅವರು ಗೋಡೆಯ ಲೆಕ್ಕವನ್ನಷ್ಟೇ ಹೇಳಿದ್ದಾರೆ. ನಮ್ಮ ಮನೆಯ ಗೋಡೆಗೆ ಮಣ್ಣು ಜಮೀನಿನಲ್ಲೇ ಸಿಕ್ಕಿತು, ಹುಲ್ಲು ಪಕ್ಕದವರು ಕೊಟ್ಟರು, ಮರಳನ್ನು ಮಾತ್ರ ಕೊಂಡೆವು. ಆದರೆ ಕಲ್ಲಿನ ಅಡಿಪಾಯ, ಚಾವಣಿಯ ಮರ, ಬಾಗಿಲು, ಕಿಟಕಿ, ವೈರಿಂಗ್, ಕೊಳಾಯಿ ಇವುಗಳಲ್ಲಿ ಯಾವುದಕ್ಕೂ ಮಣ್ಣಿನ ಮನೆಯೆಂಬ ರಿಯಾಯಿತಿ ಇಲ್ಲ. ಗೋಡೆಗೆ ಮಳೆಯ ಇರಚಲು ತಾಗಬಾರದೆಂದು ಸೂರನ್ನು ಹೊರಕ್ಕೆ ಚಾಚಬೇಕು, ನೆಲದ ತೇವ ಏರಬಾರದೆಂದು ಅಡಿಪಾಯದ ಕಲ್ಲನ್ನು ಮೊಣಕಾಲೆತ್ತರಕ್ಕೆ ತರಬೇಕು. ಆದ್ದರಿಂದ ಈ ಎರಡು ಬಾಬತ್ತಿನಲ್ಲಿ ಇಟ್ಟಿಗೆಯ ಮನೆಗಿಂತ ನಮಗೇ ಹೆಚ್ಚು ಖರ್ಚಾಯಿತು.

ಕೂಲಿಯ ವಿಷಯ ಇನ್ನೂ ಘೋರವಾದದ್ದು. ತುಳಿದು ಹದ ಮಾಡಿದ ಮಣ್ಣಿನ ಮುದ್ದೆಯನ್ನು ಒಂದೂವರೆ ಎರಡು ಅಡಿ ಎತ್ತರಕ್ಕೆ ಏರಿಸಿದ ಮೇಲೆ ಅದು ಬಿಗಿಯುವ ತನಕ ಮುಂದಿನ ವರಸೆ ಇಡುವಂತಿಲ್ಲ, ಮೋಡ ಕವಿದರೆ ವಾರಗಟ್ಟಲೆ ಕಾಯಬೇಕು, ಆದರೆ ಮೇಸ್ತ್ರಿಯನ್ನು ಬಿಟ್ಟುಕೊಟ್ಟರೆ ಅವರು ಬೇರೆ ಕೆಲಸ ಹಿಡಿದು ಹೋಗುತ್ತಾರೆ. ಜಾಡಿಯ ನೀರಿನಲ್ಲಿ ಮಣ್ಣು ಕಲಕಿ ಜೇಡಿ, ಮರಳಿನ ಪ್ರಮಾಣ ನೋಡುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಆದರೆ ಗಿಡ ಬೆಳೆಯುವ ಮೇಲ್ಮಣ್ಣಿನಿಂದ ಮಾಡುತ್ತಾರೆ. ಗೋಡೆಗೆ ಬೇಕಾದದ್ದು ಅದರ ಕೆಳಗಿನ ಮಣ್ಣು, ಅದರಲ್ಲಿ ಜೇಡಿಯ ಪ್ರಮಾಣ ಶೇಕಡಾ 15ರಿಂದ 25ರ ಆಸುಪಾಸಿನಲ್ಲಿದ್ದರೆ ಸಾಕು. ಇದಕ್ಕಿಂತ ಹೆಚ್ಚಾದರೆ ಒಣಗುವಾಗ ಸೀಳುತ್ತದೆ.

ಕೊನೆಯದಾಗಿ, ನಮ್ಮ ಗುತ್ತಿಗೆದಾರರು ನಾವು ಊರಲ್ಲಿಲ್ಲದಾಗ ಪಶ್ಚಿಮದ ಗೋಡೆಗೆ "ಗಟ್ಟಿಯಾಗಲಿ" ಎಂದು ಸಿಮೆಂಟಿನ ಗಿಲಾವು ಮಾಡಿಸಿಬಿಟ್ಟರು. ಎರಡು ಮಳೆಗಾಲದ ನಂತರ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರತೊಡಗಿತು. ಗಿಲಾವಿನ ಒಂದು ಚಕ್ಕೆಯನ್ನು ಎಬ್ಬಿಸಿದಾಗ ಹಿಂದಿನ ಗೋಡೆ ಆಗ ತಾನೇ ಕಲಸಿದ ಮಣ್ಣಿನಷ್ಟು ಒದ್ದೆಯಾಗಿತ್ತು. ಕೂದಲೆಳೆಯ ಬಿರುಕಿನಲ್ಲಿ ನುಗ್ಗಿದ ನೀರಿಗೆ ಆವಿಯಾಗಿ ಹೊರಬರಲು ಸಿಮೆಂಟು ದಾರಿ ಬಿಟ್ಟಿರಲಿಲ್ಲ. ಅಷ್ಟನ್ನೂ ಕೆತ್ತಿಸಿ, ಗೋಡೆಯನ್ನು ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದ್ದರಲ್ಲಿ ಆ ಗೋಡೆಯನ್ನು ಮೊದಲು ಕಟ್ಟಿದ್ದಕ್ಕಿಂತ ಹೆಚ್ಚು ಕೂಲಿ ಹೋಯಿತು. ಇಷ್ಟಾದರೂ ಈ ಮನೆಯನ್ನು ಯಾವ ಬಂಗಲೆಗೂ ಬದಲಾಯಿಸಿಕೊಳ್ಳುವವನಲ್ಲ ನಾನು.

ಅಲೆಮಾರಿ ಗುದ್ದಲಿ:
ಸ್ವಯಂಸೇವೆಯ ಬಗ್ಗೆ ನನ್ನ ಮಾತು ಕಹಿಯೆನಿಸಬಹುದು. 1971ರಲ್ಲಿ ಲಂಡನ್ನಿನಲ್ಲಿ ಕಾರ್ಯದರ್ಶಿಯಾಗಿದ್ದ ಸ್ಯೂ ಕಾಪರ್ಡ್ ಸಾವಯವ ತೋಟಗಳ ಸ್ವಯಂಸೇವೆಯ 'ವೂಫ್' (WWOOF) ಎಂಬ ಸಂಘಟನೆಯನ್ನು ಆರಂಭಿಸಿದಾಗ ಅದು ನಗರದವರು ವಾರಾಂತ್ಯಕ್ಕೆ ಸಾವಯವ ತೋಟಕ್ಕೆ ಹೋಗಿ ಕೈ ಮಣ್ಣು ಮಾಡಿಕೊಂಡು ಬರುವ ಏರ್ಪಾಡಾಗಿತ್ತು. ಈಗ ಅರ್ಧ ದಿನದ ದುಡಿಮೆಗೆ ಊಟ, ಹಾಸಿಗೆ ಎಂಬ ಒಪ್ಪಂದ ಎಲ್ಲೆಡೆ ಇದೆ. ನಾನು ಇದ್ದ ಒಂದು ತೋಟದಲ್ಲಿ ಆ ಅರ್ಧ ದಿನವು ಬೆಳಕು ಹರಿಯುವುದಕ್ಕೆ ಮುಂಚೆ ಶುರುವಾಗಿ ಕತ್ತಲಾದ ಮೇಲೆ ಮುಗಿಯುತ್ತಿತ್ತು. ಕಲಿಕೆಯ ಹೆಸರಿನಲ್ಲಿ ಸಿಕ್ಕಿದ್ದು ಕಾಂಪೋಸ್ಟ್ ರಾಶಿ ಮಗುಚುವ ಕೆಲಸ ಮಾತ್ರ. ಇಂಗಾಲ ಮತ್ತು ಸಾರಜನಕ 30ಕ್ಕೆ 1ರಂತೆ ಇರಬೇಕೆಂಬುದನ್ನು ಸಹ ನಾನು ಬೇರೆ ಕಡೆ ಓದಿ ತಿಳಿಯಬೇಕಾಯಿತು. ಯಜಮಾನರನ್ನು ಕೇಳಿದರೆ "ಮಗುಚು, ತಾನಾಗಿ ತಿಳಿಯುತ್ತದೆ" ಎನ್ನುತ್ತಿದ್ದರು. ಬಿತ್ತನೆಯ ಲೆಕ್ಕಾಚಾರ, ಬೀಜದ ಆಯ್ಕೆ, ಮಾರಾಟ ಇವುಗಳ ಹತ್ತಿರಕ್ಕೂ ನಮ್ಮನ್ನು ಬಿಟ್ಟುಕೊಳ್ಳಲಿಲ್ಲ.

ವಿದೇಶಕ್ಕೆ ಹೋಗುವ ಆಲೋಚನೆಯಿದ್ದರೆ ಇನ್ನೊಂದು ಮಾತು. ಸಂಬಳವಿಲ್ಲದಿದ್ದರೂ ಊಟ, ವಸತಿಗೆ ಬದಲಾಗಿ ದುಡಿಯುವುದನ್ನು ಹಲವು ದೇಶಗಳ ವಲಸೆ ಅಧಿಕಾರಿಗಳು ಉದ್ಯೋಗವೆಂದೇ ಎಣಿಸುತ್ತಾರೆ, ಪ್ರವಾಸಿ ವೀಸಾದಲ್ಲಿ ಹೋದವರನ್ನು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸುತ್ತಾರೆ. ನನ್ನ ಜೊತೆಯವರೊಬ್ಬರಿಗೆ ಹಾಗಾಗಿ, ಎರಡೂ ಕಡೆಯ ಟಿಕೆಟ್ಟಿನ ಹಣ ಮುಳುಗಿತು. ಆತಿಥ್ಯ ಕೊಡಬೇಕಾಗಿದ್ದವರು ಒಂದು ವಿಷಾದದ ಮಾತನ್ನೂ ಬರೆಯಲಿಲ್ಲ.

ತೋಟದೊಡತಿ:
ಅಲೆಮಾರಿಯವರೇ, ಒಂದು ಕೆಟ್ಟ ತೋಟದ ಕಥೆಯನ್ನು ಎಲ್ಲ ತೋಟದವರ ತಲೆಗೆ ಕಟ್ಟಬೇಡಿ. ಬಹಳ ಕಾಲದಿಂದ ಸ್ವಯಂಸೇವಕರನ್ನು ಇಟ್ಟುಕೊಂಡು ಬಂದವಳು ನಾನು, ನನ್ನ ಖರ್ಚಿನ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಅವರಿಗಾಗಿ ಇನ್ನೊಂದು ಶೌಚಾಲಯ ಕಟ್ಟಿಸಿದೆ, ನೀರಿನ ತೊಟ್ಟಿಯನ್ನು ದೊಡ್ಡದು ಮಾಡಿಸಿದೆ, ಗುದ್ದಲಿ, ಕುಡುಗೋಲುಗಳ ಹಿಡಿ ಪ್ರತಿ ಹಂಗಾಮಿನಲ್ಲೂ ಮುರಿಯುತ್ತವೆ, ಹಾಸಿಗೆಗಳು ಹರಿಯುತ್ತವೆ. ಹೊಸಬರೊಬ್ಬರ ಹಿಂದೆ ನಿಂತು ಹೇಳಿಕೊಡುವ ಹೊತ್ತಿನಲ್ಲಿ ಆ ಸಾಲನ್ನು ನಾನೇ ಎರಡು ಸಲ ಕಳೆ ಕೀಳಬಲ್ಲೆ. ಒಮ್ಮೆ ಇಬ್ಬರು ಯುವಕರು ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಗಜ್ಜರಿ ಸಸಿಗಳನ್ನೆಲ್ಲ ಕಳೆಯೆಂದು ಕಿತ್ತು, ಅದರ ನಡುವಿನ ನಿಜವಾದ ಕಳೆಗೆ ಅಚ್ಚುಕಟ್ಟಾಗಿ ಹುಲ್ಲಿನ ಹೊದಿಕೆ ಹಾಸಿ, ಫೋಟೋ ತೆಗೆದುಕೊಂಡು ಕುಳಿತಿದ್ದರು. ಬೀಜದ ಖರ್ಚು ಹೋಗಲಿ, ಆ ಹಂಗಾಮೇ ಹೋಯಿತು. ಮಾರಾಟಕ್ಕೆ ಕರೆದೊಯ್ಯಲಿಲ್ಲವೆಂಬ ದೂರು ಬೇರೆ!

ಅಲೆಮಾರಿ ಗುದ್ದಲಿ:
ಅಮ್ಮಾ, ಬರಿಗೈಯಲ್ಲಿ ಬಂದವರಿಗೆ ಗಜ್ಜರಿ ಯಾವುದು ಕಳೆ ಯಾವುದು ಎಂದು ತೋರಿಸದೆ ಸಂತೆಗೆ ಹೊರಟವರು ಯಾರು? ಅಷ್ಟು ನಷ್ಟವಾಗುವುದಾದರೆ ಕೂಲಿ ಕೊಟ್ಟು ಬಲ್ಲವರನ್ನು ಇಟ್ಟುಕೊಳ್ಳಬಹುದಿತ್ತು. ಕೂಲಿ ಕೊಡಲು ಮನಸ್ಸಿಲ್ಲ, ಆದ್ದರಿಂದ ಪುಕ್ಕಟೆಯವರು ಬೇಕು. ಮಾತು ಇಷ್ಟೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮ ಜಮೀನು ಇಳಿಜಾರಿನದು ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ. ನೀರಿನ ಬಗ್ಗೆ ಯಾರಾದರೂ ಹೇಳಬಹುದೇ?

ಕೋಡಿ:
ಹೇಳುತ್ತೇನೆ, ಆದರೆ ನನ್ನ ಕಥೆ ಕೇಳಿದರೆ ನಿಮ್ಮ ಉತ್ಸಾಹ ಇಳಿಯುತ್ತದೆ. ಪರ್ಮಾಕಲ್ಚರನ್ನು 1970ರ ದಶಕದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ್ದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ. ವಿನ್ಯಾಸದ ತರಬೇತಿಗೆ 72 ಗಂಟೆಯೆಂಬ ಪಾಠಕ್ರಮ ಇದೆ, ನಾನೂ ಅದನ್ನು ಮುಗಿಸಿದ್ದೇನೆ. ಆ 72 ಗಂಟೆ ಮುಗಿದೊಡನೆ ಎಲ್ಲರ ಕೈಗೂ ಸ್ವೇಲ್, ಅಂದರೆ ಇಳಿಜಾರಿಗೆ ಅಡ್ಡಲಾಗಿ ನೀರಿಂಗಿಸುವ ಸಮಪಾತಳಿಯ ಕಾಲುವೆ, ತೋಡುವ ತುರಿಕೆ ಹತ್ತುತ್ತದೆ. ನಮ್ಮ ಜಮೀನಿಗೆ ಕರೆಸಿದ್ದ ತರಬೇತುದಾರರು ಮಟ್ಟಸ ಬಯಲಿನವರು. ಎ ಆಕಾರದ ಚೌಕಟ್ಟು ಹಿಡಿದು ಮಟ್ಟ ನೋಡಿ, ಯಂತ್ರ ತರಿಸಿ, ಮೇಲಿನಿಂದ ಕೆಳಗಿನ ತನಕ ಸ್ವೇಲ್ ತೋಡಿಸಿ, ಶುಲ್ಕ ಪಡೆದು ಹೋದರು. ಯಂತ್ರದ ಬಾಡಿಗೆ ಅವರ ಶುಲ್ಕವನ್ನು ಮೀರಿತು. ಆ ವರ್ಷ ನೀರು ಚೆನ್ನಾಗಿಯೇ ಇಂಗಿತು. ಇಂಗಿದ ನೀರು ಒಳಗಿನ ಜೇಡಿಯ ಪದರದ ಮೇಲೆ ನಿಂತು, ಒಂದು ರಾತ್ರಿ ಎರಡನೆಯ ಬದುವಿನಿಂದ ಕೆಳಗಿನ ದಿಬ್ಬ ಗಿಡಗಳ ಸಮೇತ ಜಾರಿತು. ಮೇಲಿನ ಕಾಲುವೆಗೆ ಕೋಡಿಯನ್ನೇ ಬಿಟ್ಟಿರಲಿಲ್ಲ. 15 ಡಿಗ್ರಿಗಿಂತ ಕಡಿದಾದ ಕಡೆ ಸ್ವೇಲ್ ಬೇಡವೆಂಬುದು ಬಲ್ಲವರು ಸಾಮಾನ್ಯವಾಗಿ ಹೇಳುವ ಮಾತು, ನಮ್ಮದು ಅದಕ್ಕಿಂತ ಕಡಿದಾಗಿತ್ತು. ಜಾರಿದ್ದನ್ನು ಸರಿಪಡಿಸಲು ಅದೇ ಯಂತ್ರವನ್ನು ಮತ್ತೆ ತರಿಸಬೇಕಾಯಿತು, ಈ ಬಾರಿ ಬಾಡಿಗೆ ಇಮ್ಮಡಿ, ಏಕೆಂದರೆ ಕೆಸರಿನಲ್ಲಿ ಅದೂ ಹೂತುಹೋಯಿತು.

ಹುಲ್ಲುಮನೆ:
ಸ್ವೇಲನ್ನು ದೂರಿ ಪ್ರಯೋಜನವಿಲ್ಲ. ನೀರನ್ನು ಕಣಿವೆಯಿಂದ ದಿಣ್ಣೆಯ ಕಡೆಗೆ ನಿಧಾನವಾಗಿ ಹರಿಸುವ ಕೀಲೈನ್ ಪದ್ಧತಿಯನ್ನು ಆಸ್ಟ್ರೇಲಿಯಾದ ಕೃಷಿಕ ಪಿ. ಎ. ಯೋಮನ್ಸ್ ಅವರು 1950ರ ದಶಕದಲ್ಲೇ ತಿಳಿಸಿದ್ದರು. ಅದನ್ನು ಓದದವರ ಜಮೀನು ಜಾರಿದರೆ ಆಶ್ಚರ್ಯವೇನು? ಅದಿರಲಿ, ನಾನು ಬರೆಯಲು ಬಂದದ್ದು ಗೋಡೆಮಣ್ಣು ಅವರ ಬಡಾಯಿಯ ಬಗ್ಗೆ. ಮುದ್ದೆಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಹೀರಿ ರಾತ್ರಿ ಬಿಡುತ್ತದೆ, ಒಪ್ಪಿದೆ. ಆದರೆ ವಾರಗಟ್ಟಲೆ ಚಳಿಯೇ ಇರುವ ಕಡೆ ಅದು ಒಲೆಯ ಶಾಖವನ್ನೆಲ್ಲ ಹೊರಕ್ಕೆ ದಾಟಿಸುತ್ತದೆ. ಅದೇ ದಪ್ಪದ ಹುಲ್ಲಿನ ಹೊರೆಯ ಗೋಡೆ ಶಾಖವನ್ನು ಹಲವು ಪಟ್ಟು ಚೆನ್ನಾಗಿ ತಡೆಯುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮರವಿಲ್ಲದ ಬಯಲಿನವರು ಹೊರೆ ಕಟ್ಟುವ ಯಂತ್ರ ಬಂದೊಡನೆ ಅದರಿಂದಲೇ ಮನೆ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಗೋಡೆಮಣ್ಣು:
ಬಡಾಯಿ ಎಂಬ ಮಾತನ್ನು ಹಿಂತೆಗೆದುಕೊಳ್ಳಿ ಸ್ವಾಮಿ. ಹುಲ್ಲಿನ ಹೊರೆಯಲ್ಲಿ ತೇವ ಶೇಕಡಾ 20 ದಾಟಿ ಹಾಗೆಯೇ ನಿಂತರೆ ಅದು ಗೋಡೆಯೊಳಗೇ ಕೊಳೆಯಲಾರಂಭಿಸುತ್ತದೆಂಬುದನ್ನು ನೀವು ಬೇಕೆಂದೇ ಬಿಟ್ಟಿದ್ದೀರಿ. ಇಂಗ್ಲೆಂಡಿನ ಡೆವನ್‌ನಲ್ಲಿ ಮುದ್ದೆಮಣ್ಣಿನ ಮನೆಗಳು ಶತಮಾನಗಳಿಂದ ನಿಂತಿವೆ, ಅಲ್ಲಿ ಚಳಿಯಿಲ್ಲವೇ? ನಿಮ್ಮ ಸ್ನಾನದ ಕೋಣೆಯ ಹೊರಗೋಡೆಗೆ ತೇವಮಾಪಕದ ಕಡ್ಡಿ ಚುಚ್ಚಿ ಎಷ್ಟು ಬರುತ್ತದೆಂದು ಇಲ್ಲಿ ಬರೆಯಿರಿ, ನೋಡೋಣ.

ತೋಟದೊಡತಿ:
ಕಟ್ಟಡದವರ ಜಗಳದ ನಡುವೆ ಗೊಬ್ಬರದ ವಿಷಯ ಯಾರೂ ಎತ್ತಲಿಲ್ಲ. ಹೊರಗಿನಿಂದ ಕೊಟ್ಟಿಗೆ ಗೊಬ್ಬರ ತರುವವರಿದ್ದರೆ ಕೇಳಿ. ಅಮಿನೋಪೈರಾಲಿಡ್ ಎಂಬ ಕಳೆನಾಶಕವನ್ನು ಹುಲ್ಲುಗಾವಲಿಗೆ ಸಿಂಪಡಿಸಿದ್ದರೆ, ಆ ಹುಲ್ಲು ತಿಂದ ದನದ ಸಗಣಿಯಲ್ಲಿಯೂ ಅದು ಉಳಿದು ಬರುತ್ತದೆ. ತೋಟಗಾರರ ದೂರುಗಳ ನಂತರ ಬ್ರಿಟನ್ನಿನಲ್ಲಿ 2008ರಲ್ಲಿ ಅದರ ಮಾರಾಟವನ್ನು ಕೆಲಕಾಲ ತಡೆಹಿಡಿದಿದ್ದರು. ನನಗೆ ಗೊಬ್ಬರ ಮಾರಿದವರು ಸಾವಯವ ಎಂದು ಪ್ರಮಾಣ ಮಾಡಿ ಹೇಳಿದ್ದರು. ಟೊಮೆಟೊ ಗಿಡದ ಎಳೆ ಚಿಗುರುಗಳೆಲ್ಲ ಜರಿಗಿಡದ ತುದಿಯಂತೆ ಸುರುಳಿ ಸುತ್ತಿಕೊಂಡವು, ಎಲೆಗಳು ಬೋಗುಣಿಯಾದವು. ರೋಗವೆಂದು ಭಾವಿಸಿ ಗಿಡಗಳನ್ನು ಸುಟ್ಟೆ, ಮಣ್ಣಿನಲ್ಲಿದ್ದ ವಿಷ ಮಾತ್ರ ಹಾಗೆಯೇ ಉಳಿಯಿತು. ಈಗ ಹೊಸ ಗೊಬ್ಬರದ ಪ್ರತಿ ಗಾಡಿಯಿಂದಲೂ ಸ್ವಲ್ಪ ತೆಗೆದು ಕುಂಡದಲ್ಲಿ ಹುರುಳಿಕಾಯಿ ಬೀಜ ಊರಿ, ಮೂರು ವಾರ ಎಲೆ ನೋಡಿಯೇ ಮಡಿಗೆ ಹಾಕಿಸುತ್ತೇನೆ. ಈ ಕುಂಡಗಳಿಗೆ ನೀರು ಹಾಕುವ ಕೆಲಸವನ್ನು ಸ್ವಯಂಸೇವಕರಿಗೆ ವಹಿಸುವುದಿಲ್ಲ.

ಅಲೆಮಾರಿ ಗುದ್ದಲಿ:
ವಹಿಸದಿರುವುದೇ ಒಳ್ಳೆಯದು, ನೀರು ಹಾಕಿದರೆಂದು ಅದಕ್ಕೂ ಲೆಕ್ಕ ಬರೆದೀರಿ.

ಕೋಡಿ:
ಹುಲ್ಲುಮನೆಯವರೇ, ಯೋಮನ್ಸ್ ಅವರನ್ನು ಓದಿಯೇ ಇದ್ದೇನೆ. ಅವರು ಕೆಲಸ ಮಾಡಿದ್ದು ಅಲೆಯಲೆಯಾದ ಮೆಲ್ಲನೆಯ ಇಳಿಜಾರಿನ ಹುಲ್ಲುಗಾವಲುಗಳಲ್ಲಿ, ಟ್ರ್ಯಾಕ್ಟರ್ ಎಳೆಯುವ ನೇಗಿಲಿನಿಂದ. ನನ್ನ ದಿಣ್ಣೆಯ ಮೇಲೆ ಟ್ರ್ಯಾಕ್ಟರ್ ಅಡ್ಡಡ್ಡ ಓಡಿಸಿದರೆ ಮಗುಚಿ ಬೀಳುತ್ತದೆ. ಪ್ರಶ್ನೆ ಕೇಳಿದವರಿಗೆ: ಯಾರ ಮಾತನ್ನೂ ಕೇಳುವ ಮುಂಚೆ ಇಳಿಜಾರು ಎಷ್ಟು ಡಿಗ್ರಿ ಎಂದು ಅಳೆದು ಬರೆಯಿರಿ. ಒಂದು ಇಡೀ ಮಳೆಗಾಲ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಒಸರುತ್ತದೆ ಎಂಬುದನ್ನು ನೋಡುವ ತನಕ ಯಂತ್ರವನ್ನೂ ತರಿಸಬೇಡಿ, ಅಡಿಪಾಯವನ್ನೂ ತೋಡಿಸಬೇಡಿ.

ಹುಲ್ಲುಮನೆ:
ತೇವಮಾಪಕ ಚುಚ್ಚಿ ನೋಡಿದೆ, ಶೇಕಡಾ 13 ಬಂತು. ಈಗ ಗೋಡೆಮಣ್ಣು ಅವರು ತಮ್ಮ ಪಶ್ಚಿಮದ ಗೋಡೆಯದ್ದನ್ನು ಬರೆಯಲಿ.