ಕಾರ್ಡಿನಲ್ಲಿ ಕುಬಸ ಅಂತಲೇ ಇರಲಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಕೇಳಿ. ಪುಟ್ಟಿ, ಬೆಳಿಗ್ಗೆ ನೀನು ಕೇಳಿದ್ದೆಯಲ್ಲ, "ಚಿಕ್ಕವ್ವ, ಅಕ್ಕನ ಕಾರ್ಡಿನಲ್ಲಿ ಕುಬಸದ ಕಾರ್ಯ ಅಂತ ಇದೆ, ಕುಬಸ ಅಂದರೆ ಬ್ಲೌಸ್ ಅಲ್ವಾ, ಬೆಂಗಳೂರಿನವರಿಗೆ ತಿಳಿಯಲ್ಲ, ಸೀಮಂತ ಅಂತ ಹಾಕಿಸೋಣವಾ" ಅಂತ. ಬೇಡಮ್ಮ. ಹಾಗೇ ಇರಲಿ. ಯಾಕೆ ಅಂತ ಹೇಳುತ್ತೇನೆ.

ಕುಬಸ ಅಂದರೆ ರವಿಕೆ, ಅದು ಸರಿ. ಪುಸ್ತಕದಲ್ಲಿ ಕುಪ್ಪಸ ಅಂತ ಇರುತ್ತದೆ, ನಮ್ಮ ಬಾಗಲಕೋಟೆ ಕಡೆ ಬಾಯಲ್ಲಿ ಕುಬಸ. ಮೂಲ ಸಂಸ್ಕೃತದ ಕೂರ್ಪಾಸ. ಕೂರ್ಪರ ಅಂದರೆ ಮೊಣಕೈ, ಅಲ್ಲಿವರೆಗೆ ಬರುವ ಅಂಗಿ ಅದು ಅನ್ನುತ್ತಾರೆ. ಇದನ್ನು ಬರೀ ಹೆಂಗಸರೇ ತೊಡುತ್ತಿದ್ದರು ಅಂದುಕೊಳ್ಳಬೇಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಮಾತು ಬಂದಾಗ, ಶಿರಸ್ತ್ರಾಣದ ಜೊತೆ ಕೂರ್ಪಾಸವನ್ನೂ ಹೇಳಿದ್ದಾನೆ, ಕವಚವಾಗಿ. 7ನೇ ಶತಮಾನದ ಬಾಣನ ಹರ್ಷಚರಿತದಲ್ಲಿ ರಾಜರೇ ಅದನ್ನು ತೊಟ್ಟು ಬರುತ್ತಾರೆ. ಕಾಳಿದಾಸನ ಹೆಸರಿನ ಋತುಸಂಹಾರದಲ್ಲಿ ಚಳಿಗಾಲದ ಹೆಂಗಸರ ಮೈಮೇಲೆ ಇದೆ. ಅಮರಕೋಶ ಚೋಲ, ಕೂರ್ಪಾಸಕ ಎರಡೂ ಒಂದೇ ಅನ್ನುತ್ತದೆ. ಚೋಳಿ ಅಂತೀವಲ್ಲ, ಅದೇ ಚೋಲ.

ತೆಲುಗಿನಲ್ಲಿ ಏನು ಗೊತ್ತಾ? ಕುಬುಸಮು ಅಂದರೆ ಹಾವಿನ ಪೊರೆ! ಮೈಗೆ ಅಂಟಿಕೊಂಡೇ ಇರುತ್ತದೆ, ಮೈ ಬೆಳೆದಾಗ ಕಳಚುತ್ತದೆ. ನನಗಂತೂ ಈ ಅರ್ಥ ಬಹಳ ಹಿಡಿಸಿತು.

ಯಾಕೆಂದರೆ ನಮ್ಮ ಕಾರ್ಯವೂ ಅದೇ ಅಲ್ವಾ. ಬಸುರಿಯ ಮೈ ತುಂಬಿಕೊಳ್ಳುತ್ತದೆ, ಹಳೆಯ ಕುಬಸ ಬಿಗಿಯಾಗುತ್ತದೆ. ಆಗ ತವರಿನಿಂದ ಹೊಸದು ಬರಬೇಕು. ಆಯಿ ಹೀಗೇ ಹೇಳುತ್ತಿದ್ದಳು, ನನಗೂ ಅದೇ ಸರಿ ಅನಿಸುತ್ತದೆ. ಹಸಿರು ಸೀರೆ, ಹಸಿರು ಬಳೆ ಎಲ್ಲ ಕೊಡುತ್ತೇವೆ, ಆದರೂ ಕಾರ್ಯಕ್ಕೆ ಹೆಸರು ಬಂದಿದ್ದು ಆ ಒಂದು ತುಂಡು ಬಟ್ಟೆಯಿಂದ. ಸೀಮಂತ ಅನ್ನುವುದು ಬೈತಲೆ ತೆಗೆಯುವ ಶಾಸ್ತ್ರದ ಹೆಸರು. ಅದೂ ಒಳ್ಳೆಯ ಮಾತೇ. ಆದರೆ ಮಗಳಿಗೆ ಬಟ್ಟೆ ಬಿಗಿಯಾಗಿದೆ ಅಂತ ತಾಯಿಗೆ ಗೊತ್ತಾಗುತ್ತದಲ್ಲ, ಅದು ಕುಬಸ ಅನ್ನುವ ಮಾತಿನಲ್ಲಿ ಮಾತ್ರ ಇದೆ.

ಆಯಿಯ ಕುಬಸ ಒಂದು ಇನ್ನೂ ನನ್ನ ಟ್ರಂಕಿನಲ್ಲಿದೆ. ಗುಳೇದಗುಡ್ಡದ ಖಣದ್ದು, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆಯದ್ದು. ಮೈತುಂಬ ಸಣ್ಣ ಸಣ್ಣ ಹೂವು, ತೋಳಿನ ತುದಿಗೆ ಸರಿಯಾಗಿ ಅಂಚು ಬರುವ ಹಾಗೆ ಹೊಲಿದಿದ್ದಾರೆ. ಗುಂಡಿ ಇಲ್ಲ, ಹುಕ್ಕೂ ಇಲ್ಲ. ಮುಂದೆ ಎರಡು ಸೆರಗು, ಗಂಟು ಹಾಕುವುದು. ಗಂಟು ಬಿದ್ದ ಜಾಗದಲ್ಲಿ ಬಣ್ಣ ಮಾಸಿ, ಬಟ್ಟೆ ಮೆತ್ತಗಾಗಿದೆ. ಬಸುರಿ ಇದ್ದಾಗಲೂ ಅದನ್ನೇ ತೊಟ್ಟಳಂತೆ, ಗಂಟು ಮಾತ್ರ ಸ್ವಲ್ಪ ಸ್ವಲ್ಪ ಸಡಿಲ ಮಾಡಿಕೊಳ್ಳುತ್ತ. ಕಾರ್ಯದ ದಿನ ತರುತ್ತೇನೆ, ನೀನೇ ಕೈಯಲ್ಲಿ ಹಿಡಿದು ನೋಡು.

ಬೆಂಗಳೂರಿನವರು ಕೇಳಿದರೆ ಕೇಳಲಿ, ಈ ಮೆಸೇಜ್ ಕಳಿಸಿಬಿಡು.

ಅಕ್ಕನಿಗೆ ಹಸಿರು ಖಣ ತಂದಿಟ್ಟಿದ್ದೇನೆ, ನಾಳೆ ಟೈಲರ್ ಹತ್ತಿರ ಕೊಡು. ಎರಡೂ ಬದಿಗೆ ಒಳಗಡೆ ಎರಡೆರಡು ಬೆರಳು ಬಟ್ಟೆ ಜಾಸ್ತಿ ಬಿಡಲು ಹೇಳು. ಮರೀಬೇಡ.